ಒಂದಕ್ಷರದ ಸೌಕರ್ಯ

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಾನು ಕನ್ನಡ ಪಾಠ ಹೇಳುವ ಕಾಲೇಜು ಪೀಣ್ಯದ ಕಡೆಗಿದೆ. ಲೇತುಗಳ ಸದ್ದಿನ ನಡುವೆ ಬೆಳೆದ ಮಕ್ಕಳೇ ನನ್ನ ತರಗತಿಗಳಲ್ಲಿ ಹೆಚ್ಚು. ಈತನ ತಂದೆಯೂ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣಕ್ಕೆ ರಂಧ್ರ ಕೊರೆದವರು. ಮಗ ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪೆನಿಯಲ್ಲಿ ಪ್ರೋಗ್ರಾಂ ಬರೆಯುತ್ತಾನೆ. ನಗರದ ವಾಯವ್ಯ ಮೂಲೆಯ ಮನೆಯಿಂದ ಆಗ್ನೇಯ ಮೂಲೆಯ ಕಚೇರಿಗೆ ಹೋಗಿಬರುವುದರಲ್ಲಿಯೇ ಅವನ ದಿನದ ಮೂರು ನಾಲ್ಕು ಗಂಟೆ ಸವೆಯುತ್ತದೆ. ಆದರೂ ಯಾವಾಗಲೂ ಗೆಲುವಾಗಿರುವ ಹುಡುಗ. ಅಂದು ಮಾತ್ರ ಮುಖ ಸಪ್ಪಗಿತ್ತು.

“ಏನಪ್ಪಾ, ಯಾಕೆ ಹೀಗಿದ್ದೀಯ?” ಎಂದು ಕೇಳಿದೆ.

“ನಿನ್ನೆ ಒಂದು ಮಧ್ಯಾಹ್ನದ ಕೆಲಸ ಪೂರ್ತಿ ಅಳಿಸಿಹೋಯಿತು, ಸಾರ್. ಒಂದೇ ಒಂದು ಅಕ್ಷರ ಬರೆಯೋದು ಮರೆತೆ, ಅಷ್ಟೆ” ಎಂದ.

ಒಂದಕ್ಷರ ಬಿಟ್ಟುದರಿಂದ ಅನರ್ಥವಾಯಿತೆಂದರೆ ಕನ್ನಡ ಮೇಷ್ಟರ ಕಿವಿ ನೆಟ್ಟಗಾಗದೆ ಇರುತ್ತದೆಯೆ? ಲಿಪಿಕಾರರು ಬಿಟ್ಟ ಅಕ್ಷರಗಳ ಬೆನ್ನು ಹತ್ತಿಯೇ ನಮ್ಮ ವಿದ್ವಾಂಸರ ಅರ್ಧ ಆಯುಷ್ಯ ಕಳೆದಿದೆ. ಅವನನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ಆ ಅಕ್ಷರದ ಕಥೆಯನ್ನು ಬಿಡಿಸಿ ಬಿಡಿಸಿ ಕೇಳಿದೆ. ಆಮೇಲೆಯೂ ಕುತೂಹಲ ತಣಿಯಲಿಲ್ಲ. ಕೆಲವು ವಾರ ಅದರ ಪೂರ್ವೋತ್ತರವನ್ನು ಓದಿ ತಿಳಿದುಕೊಂಡೆ. ಹಾಗೆ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ವಿಷಯ ಯಂತ್ರದ್ದೆಂದು ವಾಚಕರು ಪುಟ ಮಗುಚಬಾರದು. ಇದರ ಹುರುಳು ನಮಗೆ ಬಹು ಹಳೆಯ ಪರಿಚಯ.

*

ಶೂನ್ಯಸಂಪಾದನೆಯ ಮಾತನ್ನೇ ತೆಗೆದುಕೊಳ್ಳೋಣ. ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಆ ಗ್ರಂಥವನ್ನು ಮೊದಲು ಸಂಕಲಿಸಿದವನು ೧೫ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರ ತರುವಾಯ ಒಬ್ಬರು ಅದನ್ನು ಕೈಗೆತ್ತಿಕೊಂಡರು. ತಮ್ಮ ತಮ್ಮ ಅಭಿಪ್ರಾಯದಂತೆ ತಿದ್ದಿದರು, ಸೇರಿಸಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗದಲ್ಲಂತೂ ಈ ಸಂಪಾದನೆಗಳು ಬೇರೆ ಬೇರೆ ದಾರಿ ಹಿಡಿದಿವೆ. ಹೀಗೆ ಒಂದೇ ಬುಡದಿಂದ ನಾಲ್ಕು ಕವಲುಗಳೊಡೆದು ನಾಲ್ಕು ಶೂನ್ಯಸಂಪಾದನೆಗಳು ನಮಗೆ ಉಳಿದಿವೆ.

ಬರೆದ ಗ್ರಂಥ ಪ್ರತಿಯಿಂದ ಪ್ರತಿಗೆ ಹೋಗುವಾಗ ಕವಲೊಡೆಯುವುದು ಸಹಜ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ತಪ್ಪು ಕಂಡರೆ ಅವೆರಡಕ್ಕೂ ಮೂಲ ಒಂದೇ ಎಂದು ಊಹಿಸಬಹುದು. ಈ ರೀತಿ ಊಹಿಸುತ್ತ, ಒಪ್ಪಿಡುತ್ತ, ಪ್ರತಿಗಳ ವಂಶವೃಕ್ಷವನ್ನು ಬರೆಯುವ ಶಾಸ್ತ್ರವನ್ನು ಡಿ. ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ (೧೯೬೪) ನಮಗೆ ಕಲಿಸಿಕೊಟ್ಟರು. ಅಕ್ಷರ ಬಿಟ್ಟುಹೋಗುವುದು, ಇಮ್ಮಡಿಯಾಗುವುದು, ಅದಲುಬದಲಾಗುವುದು, ಒಂದರ ಬದಲು ಇನ್ನೊಂದು ಕೂರುವುದು, ಇವೆಲ್ಲವೂ ಅಲ್ಲಿ ರೋಗಗಳಂತೆ ವರ್ಗೀಕೃತವಾಗಿವೆ.

ಕಂಪ್ಯೂಟರಿನ ಪ್ರೋಗ್ರಾಂ ಕೂಡ ಒಂದು ಗ್ರಂಥವೇ. ಹತ್ತು ಜನ ಕೂಡಿ ಬರೆಯುವ, ದಿನವೂ ತಿದ್ದುವ, ಎಂದೂ ಮುಗಿಯದ ಗ್ರಂಥ. ಯಾರು ಯಾವಾಗ ಏನನ್ನು ತಿದ್ದಿದರೆಂಬ ಲೆಕ್ಕವಿಲ್ಲದೆ ಹೋದರೆ ನಾಲ್ಕು ಶತಮಾನಗಳಲ್ಲಿ ಆಗುವ ಪಾಠಭ್ರಷ್ಟತೆ ಅಲ್ಲಿ ನಾಲ್ಕು ದಿನಗಳಲ್ಲಿ ಆಗಿಬಿಡುತ್ತದೆ. ಆ ಲೆಕ್ಕವನ್ನು ಇಡುವ ಸಾಧನಕ್ಕೆ ಆವೃತ್ತಿ ನಿಯಂತ್ರಣದ ಸಾಧನವೆಂದು ಹೆಸರು. ಮೂಲವನ್ನು ಕೆಡಿಸದೆ ಅದರಿಂದ ಒಂದು ಕವಲನ್ನು ಬೇರೆ ತೆಗೆದು, ಅದರಲ್ಲಿ ಹೊಸದನ್ನು ಪ್ರಯೋಗಿಸಿ, ಸರಿಯೆನಿಸಿದರೆ ಮತ್ತೆ ಮೂಲಕ್ಕೆ ಕೂಡಿಸುವ ಏರ್ಪಾಡೂ ಅದರಲ್ಲಿ ಉಂಟು. ಈ ಕವಲನ್ನು ಅವರು ‘ಬ್ರಾಂಚ್’ ಎನ್ನುತ್ತಾರೆ. ನಾವು ವಂಶವೃಕ್ಷವನ್ನು ಐನೂರು ವರ್ಷದ ಮೇಲೆ ಕುಳಿತು ಊಹಿಸಿ ಬರೆಯುತ್ತೇವೆ. ಅವರಲ್ಲಿ ಮರ ಬೆಳೆಯುತ್ತಿರುವಾಗಲೇ ಒಂದೊಂದು ಎಲೆಯ ಜಾತಕವೂ ದಾಖಲಾಗುತ್ತ ಹೋಗುತ್ತದೆ. ಇದನ್ನು ಕೇಳಿದಾಗ ನನಗೆ ಸ್ವಲ್ಪ ಅಸೂಯೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

*

ಈ ಸಾಧನಗಳ ಇತಿಹಾಸ ಅಂಥ ದೀರ್ಘವಾದುದೇನೂ ಅಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬಾತ ೧೯೭೨ರಲ್ಲಿ ಎಸ್‌ಸಿಸಿಎಸ್ ಎಂಬುದನ್ನು ರಚಿಸಿದನು. ೧೯೮೨ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಖಿ ಆರ್‌ಸಿಎಸ್ ಎಂಬುದನ್ನು ತಂದನು. ಈತನ ಉಪಾಯ ಸೊಗಸಾದುದು: ಇತ್ತೀಚಿನ ಪ್ರತಿಯನ್ನು ಇಡಿಯಾಗಿ ಇಟ್ಟು, ಹಿಂದಿನವುಗಳಿಗೆ ಹೋಗಲು ಬೇಕಾದ ವ್ಯತ್ಯಾಸವನ್ನಷ್ಟೇ ಬರೆದಿಡುವುದು. ಆದರೆ ಆ ಕಾಲದಲ್ಲಿ ಒಬ್ಬನು ಒಂದು ಕಡತವನ್ನು ತಿದ್ದಲು ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತಿತ್ತು. ಅವನು ಮುಗಿಸಿ ಹಿಂದಿರುಗಿಸುವ ತನಕ ಉಳಿದವರು ಕಾಯಬೇಕು. ಮಠದ ಒಂದೇ ಓಲೆಗರಿಯ ಕಟ್ಟನ್ನು ಯಾರೋ ಊರಿಗೆ ಒಯ್ದರೆ ಉಳಿದ ವಿದ್ಯಾರ್ಥಿಗಳು ಕೈಕಟ್ಟಿ ಕೂರುತ್ತಿದ್ದಂತೆ. ೧೯೮೬ರಲ್ಲಿ ಆಮ್‌ಸ್ಟರ್‌ಡಾಮಿನ ಡಿಕ್ ಗ್ರೂನೆ ಆರಂಭಿಸಿದ ಸಿವಿಎಸ್ ಈ ಕಾಯುವಿಕೆಯನ್ನು ತಪ್ಪಿಸಿತು. ೨೦೦೦ದಲ್ಲಿ ಮೊದಲಾದ ಸಬ್‌ವರ್ಷನ್ ಅದನ್ನು ಇನ್ನಷ್ಟು ಹದಗೊಳಿಸಿತು.

ಇದೇ ಅವಧಿಯಲ್ಲಿ ಬೆಂಗಳೂರಿನ ಹೊರವಲಯದ ಚಹರೆಯೂ ಬದಲಾಗುತ್ತಿತ್ತು. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ನಗರಕ್ಕೆ ಬಂದು, ಉಪಗ್ರಹದ ಮೂಲಕ ಇಲ್ಲಿಯ ಕೆಲಸವನ್ನು ಸಮುದ್ರದಾಚೆಗೆ ಕಳಿಸತೊಡಗಿತು. ೧೮೮೨ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಒಕ್ಕಲುಹಳ್ಳಿಯಾಗಿ ಹುಟ್ಟಿದ ವೈಟ್‌ಫೀಲ್ಡ್ ೧೯೯೦ರ ದಶಕದಲ್ಲಿ ಗಾಜಿನ ಕಟ್ಟಡಗಳ ಊರಾಗತೊಡಗಿತು. ಒಂದು ಗ್ರಂಥವನ್ನು ಇಲ್ಲಿ ಕೆಲವರು, ಸಾವಿರಾರು ಮೈಲಿಯಾಚೆ ಕೆಲವರು ಕೂಡಿ ಬರೆಯುವ ಕಾಲ ಬಂದಿತು. ಅವರು ಮಲಗಿದಾಗ ಇವರು ಬರೆಯುತ್ತಾರೆ. ಇವರು ಮಲಗಿದಾಗ ಅವರು ತಿದ್ದುತ್ತಾರೆ. ಇಂಥ ಕೆಲಸಕ್ಕೆ ಕವಲುಗಳಿಲ್ಲದೆ ಗತಿಯಿಲ್ಲ. ಆದರೆ ಅಂದಿನ ಸಾಧನಗಳಲ್ಲಿ ಕವಲೊಡೆಸುವುದು ಸುಲಭವಾದರೂ ಕೂಡಿಸುವುದು ಕಡುಕಷ್ಟ. ಯಾವ ತಿದ್ದುಪಡಿ ಈಗಾಗಲೇ ಕೂಡಿದೆ, ಯಾವುದು ಕೂಡಿಲ್ಲ ಎಂಬುದನ್ನು ಸಾಧನವು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಮನುಷ್ಯನೇ ಚೀಟಿ ಬರೆದಿಟ್ಟುಕೊಳ್ಳಬೇಕಿತ್ತು. ಆದುದರಿಂದ ಜನ ಕವಲಿಗೆ ಹೆದರುತ್ತಿದ್ದರು.

ಈ ಹೆದರಿಕೆಯನ್ನು ಕಳೆದುದು ಗಿಟ್. ಲಿನಕ್ಸ್ ಎಂಬ ಪ್ರಸಿದ್ಧ ತಂತ್ರಾಂಶದ ಕರ್ತೃ ಲೀನಸ್ ಟೋರ್ವಾಲ್ಡ್ಸ್ ೨೦೦೨ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಬಳಸುತ್ತಿದ್ದನು. ೨೦೦೫ರ ಏಪ್ರಿಲಿನಲ್ಲಿ ಅದರ ಪುಕ್ಕಟೆ ಪರವಾನಗಿ ನಿಂತುಹೋಯಿತು. ಆತನು ಏಪ್ರಿಲ್ ೩ರಂದು ಹೊಸ ಸಾಧನವನ್ನು ಬರೆಯಲು ಕುಳಿತನು. ೭ನೆಯ ತಾರೀಖಿಗೆ ಗಿಟ್ ತನ್ನ ಚರಿತ್ರೆಯನ್ನು ತಾನೇ ಬರೆದಿಡುವಷ್ಟು ಬೆಳೆದಿತ್ತು! ಅದೇ ವರ್ಷ ಜುಲೈ ೨೬ರಂದು ಅದರ ಪಾಲನೆಯನ್ನು ಜುನಿಯೊ ಹಮಾನೊ ಎಂಬ ಜಪಾನೀ ತಂತ್ರಜ್ಞನಿಗೆ ಒಪ್ಪಿಸಿದನು. ಆ ಮಹನೀಯನು ಇಪ್ಪತ್ತು ವರ್ಷ ದಾಟಿದರೂ ಕೈಬಿಡದೆ ಅದನ್ನು ನೋಡಿಕೊಂಡು ಬಂದಿದ್ದಾನೆ.

ಗಿಟ್‌ನಲ್ಲಿ ಕವಲು ಎಂದರೆ ಸಾಮಾನ್ಯವಾಗಿ ೪೧ ಅಕ್ಷರಗಳ ಒಂದು ಸಣ್ಣ ಚೀಟಿ. ಒಂದು ನಿರ್ದಿಷ್ಟ ಆವೃತ್ತಿಯ ಗುರುತಾದ ೪೦ ಅಕ್ಷರ, ಕೊನೆಗೊಂದು ಸಾಲುಮುರಿ, ಇಷ್ಟೇ. ಗ್ರಂಥವನ್ನು ನಕಲು ಮಾಡಬೇಕಾಗಿಲ್ಲ. ಗರಿಯ ನಡುವೆ ಒಂದು ದಾರ ಇಟ್ಟಂತೆ. ಕವಲು ಇಷ್ಟು ಅಗ್ಗವಾದುದರಿಂದ ಅದು ನಿತ್ಯದ ಕೆಲಸವಾಯಿತು. ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಕೂರುವ ನಮ್ಮ ಹುಡುಗ ಹುಡುಗಿಯರು ಬೆಳಿಗ್ಗೆ ಬಂದೊಡನೆ ಅಂದಿನ ಕೆಲಸಕ್ಕೊಂದು ಕವಲು ತೆರೆಯುವುದು ಅಂಗಡಿಯವನು ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆಗೆಯುವಷ್ಟು ಸಹಜವಾಗಿದೆ.

*

ಈಗ ನಮ್ಮ ಅಕ್ಷರದ ವಿಚಾರಕ್ಕೆ ಬರೋಣ.

ಗಿಟ್‌ನಲ್ಲಿ ಹೊಸ ಕವಲಿಗೆ ಹೋಗಲು ಎರಡು ಹೆಜ್ಜೆ. ‘ಬ್ರಾಂಚ್’ ಎಂಬ ಆಜ್ಞೆ ಕೊಟ್ಟರೆ ಕವಲು ಹುಟ್ಟುತ್ತದೆ. ಆದರೆ ನೀವು ಇದ್ದಲ್ಲೇ ಇರುತ್ತೀರಿ. ‘ಚೆಕ್‌ಔಟ್’ ಎಂಬ ಇನ್ನೊಂದು ಆಜ್ಞೆ ಕೊಟ್ಟರೆ ಆ ಕವಲಿನ ಮೇಲೆ ಹೋಗಿ ನಿಲ್ಲುತ್ತೀರಿ. ಎರಡನೆಯದನ್ನು ಮರೆತವನು ಹೊಸ ಕವಲಿನ ಮೇಲಿದ್ದೇನೆಂದು ಭ್ರಮಿಸಿ ಮೂಲದ ಮೇಲೆಯೇ ಬರೆಯುತ್ತ ಕೂರುವನು. ಇದನ್ನು ತಪ್ಪಿಸಲು ೨೦೦೫ರಲ್ಲಿಯೇ ಒಂದು ಸೌಕರ್ಯ ಬಂದಿತು: ಚೆಕ್‌ಔಟ್ ಎಂಬುದರ ಮುಂದೆ ಒಂದು ಅಡ್ಡಗೆರೆ ಎಳೆದು ‘ಬಿ’ ಎಂಬ ಅಕ್ಷರವನ್ನು ಬರೆದರೆ ಕವಲನ್ನು ಹುಟ್ಟಿಸಿ, ಅದರ ಮೇಲೆ ನಿಲ್ಲಿಸುವ ಎರಡು ಕೆಲಸವೂ ಒಂದೇ ಏಟಿಗೆ ಆಗುತ್ತವೆ. ಉಳಿದುದು ಒಂದು ಸಾಲು, ಅರ್ಧ ನಿಮಿಷ. ಆದರೆ ದಿನಕ್ಕೆ ಹತ್ತು ಸಲ ಮಾಡುವ ಕೆಲಸದಲ್ಲಿ ಅರ್ಧ ನಿಮಿಷವೂ ಉಪಕಾರವೇ. ಅದು ಎಲ್ಲರ ಬೆರಳಿಗೂ ಅಂಟಿತು.

ನನ್ನ ಶಿಷ್ಯನೂ ಅದನ್ನೇ ಬರೆಯಹೊರಟದ್ದು. ಅವನ ಗ್ರಂಥದಲ್ಲಿ ‘ಬಿಲ್ಲಿಂಗ್’ ಎಂಬ ಒಂದು ಫೋಲ್ಡರು. ಮಧ್ಯಾಹ್ನವೆಲ್ಲ ಅದರೊಳಗಿನ ಕಡತಗಳನ್ನು ತಿದ್ದಿದ್ದ. ತಿದ್ದಿದುದನ್ನು ಇನ್ನೂ ಗಿಟ್‌ನ ಭಂಡಾರಕ್ಕೆ ಒಪ್ಪಿಸಿರಲಿಲ್ಲ. ಇದನ್ನೆಲ್ಲ ಬೇರೆ ಕವಲಿನಲ್ಲಿಡುವುದು ಮೇಲೆಂದು ಸಂಜೆ ತೋರಿತು. ಕವಲಿಗೂ ‘ಬಿಲ್ಲಿಂಗ್’ ಎಂದೇ ಹೆಸರಿಡಬಯಸಿದ. ಚೆಕ್‌ಔಟ್, ಬಿಲ್ಲಿಂಗ್ ಎಂದು ಬರೆದ. ನಡುವಣ ‘ಬಿ’ ಮರೆತ.

ಚೆಕ್‌ಔಟ್ ಎಂಬ ಆ ಆಜ್ಞೆಗೆ ಎರಡು ಅರ್ಥ. ಮುಂದೆ ಬರುವ ಹೆಸರು ಕವಲಿನದಾದರೆ ಅಲ್ಲಿಗೆ ಕರೆದೊಯ್ಯುತ್ತದೆ. ಆ ಹೆಸರಿನ ಕವಲಿಲ್ಲದೆ ಕಡತವೋ ಫೋಲ್ಡರೋ ಇದ್ದರೆ, ‘ಇದರಲ್ಲಿ ತಿದ್ದಿದುದು ಬೇಡ, ಭಂಡಾರದ ಹಳೆಯ ಪ್ರತಿಯನ್ನೇ ತಂದಿಡು’ ಎಂದು ತಿಳಿಯುತ್ತದೆ. ಅವನ ವಿಷಯದಲ್ಲಿ ನಡೆದುದು ಈ ಎರಡನೆಯದು. ಕೇಳದೆ, ತಡೆಯದೆ, ಮಧ್ಯಾಹ್ನದ ಕೆಲಸವನ್ನೆಲ್ಲ ಒರೆಸಿ ಹಳೆಯದನ್ನು ತಂದಿಟ್ಟಿತು. ಭಂಡಾರಕ್ಕೆ ಒಪ್ಪಿಸದ ಮಾಲು. ಗಿಟ್‌ನ ಬಳಿ ಅದರ ಸುಳಿವೇ ಇಲ್ಲ. ಹುಡುಗ ರಾತ್ರಿ ಎರಡು ಗಂಟೆಯವರೆಗೆ ಕುಳಿತು ನೆನಪಿನಿಂದ ಮತ್ತೆ ಬರೆದನಂತೆ. “ಮೊದಲು ಬರೆದಷ್ಟು ಚೆನ್ನಾಗಿ ಬರಲಿಲ್ಲ, ಸಾರ್” ಎಂದು ಹೇಳುವಾಗ ಅವನ ದನಿ ತಗ್ಗಿತು. ಒಮ್ಮೆ ಬರೆದು ಕಳೆದುಕೊಂಡ ಯಾರಿಗಾದರೂ ಈ ಸಂಕಟ ತಿಳಿಯುತ್ತದೆ.

*

ಸೌಕರ್ಯಕ್ಕೆಂದು ಸೇರಿಸಿದ ಚಿಕ್ಕ ಚಿಕ್ಕ ಆಯ್ಕೆಗಳ ಚರಿತ್ರೆಯನ್ನು ನೋಡುತ್ತ ಹೋದರೆ ಕೆಲವು ತಂಪಾದ ಕಥೆಗಳೂ ಸಿಗುತ್ತವೆ. ೨೦೦೯ರಲ್ಲಿ ಚೆಕ್‌ಔಟ್‌ಗೆ ಬರಿಯ ಅಡ್ಡಗೆರೆಯ ಸೌಕರ್ಯ ಬಂದಿತು. ಹೆಸರೇನೂ ಹೇಳದೆ ಒಂದು ಅಡ್ಡಗೆರೆ ಎಳೆದರೆ ಸಾಕು, ಈಗಷ್ಟೇ ಬಿಟ್ಟುಬಂದ ಹಿಂದಿನ ಕವಲಿಗೆ ಮರಳಿ ಹೋಗಬಹುದು. ಯೂನಿಕ್ಸ್ ಬಳಸುವವರಿಗೆ ಹಿಂದಿನ ಫೋಲ್ಡರಿಗೆ ಮರಳಲು ಇದೇ ಅಡ್ಡಗೆರೆ ಮೊದಲೇ ರೂಢಿಯಲ್ಲಿತ್ತು. ಹಳೆಯ ಅಭ್ಯಾಸವನ್ನೇ ಹೊಸ ಮನೆಗೆ ತಂದುದರಿಂದ ಅದು ಯಾರನ್ನೂ ಎಡವಿಸಲಿಲ್ಲ.

ಇನ್ನೊಂದು ಆಯ್ಕೆಯ ಕಥೆ ಹಾಗಲ್ಲ. ನನ್ನ ಯಂತ್ರದಲ್ಲಿರುವ ಕವಲಿಗೂ, ಎಲ್ಲರಿಗೂ ಸಾಮಾನ್ಯವಾದ ಭಂಡಾರದಲ್ಲಿರುವ ಕವಲಿಗೂ ಒಂದು ನಂಟು ಕಟ್ಟಬೇಕಾಗುತ್ತದೆ. ಇಲ್ಲದಿದ್ದರೆ ಎಲ್ಲಿಂದ ತರುವುದು, ಎಲ್ಲಿಗೆ ಕಳಿಸುವುದು ಎಂಬುದು ಗಿಟ್‌ಗೆ ತಿಳಿಯದು. ಭಂಡಾರದ ಕವಲನ್ನು ಹೊಳೆಯ ಮೇಲ್ಭಾಗವೆಂಬ ಅರ್ಥದಲ್ಲಿ ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ. ಈ ನಂಟನ್ನು ಸುಲಭವಾಗಿ ಕಟ್ಟಲೆಂದು ೨೦೧೦ರಲ್ಲಿ ಬ್ರಾಂಚ್ ಆಜ್ಞೆಗೆ ‘ಸೆಟ್ ಅಪ್‌ಸ್ಟ್ರೀಮ್’ ಎಂಬ ಆಯ್ಕೆ ಸೇರಿತು. ಮೊದಲು ನನ್ನ ಕವಲಿನ ಹೆಸರು, ಆಮೇಲೆ ಭಂಡಾರದ ಕವಲಿನ ಹೆಸರು ಬರೆಯಬೇಕೆಂಬುದು ನಿಯಮ. ಆದರೆ ಜನ ಸಹಜವಾಗಿ ಏನು ಮಾಡುತ್ತಾರೆ? ನನ್ನ ಕವಲು ಯಾವುದೆಂಬುದು ಗೊತ್ತೇ ಇದೆಯಲ್ಲ ಎಂದು ಭಂಡಾರದ ಹೆಸರೊಂದನ್ನೇ ಬರೆದರು. ಗಿಟ್ ಆ ಹೆಸರನ್ನು ಬಳಕೆದಾರನ ಕವಲೆಂದು ಬಗೆದು, ಅಂಥದೊಂದು ಇಲ್ಲದಿದ್ದುದರಿಂದ, ಭಂಡಾರದ ಕವಲಿನ ಹೆಸರನ್ನೇ ಹೊತ್ತ ಹೊಸ ಕವಲೊಂದನ್ನು ಮನೆಯಲ್ಲಿ ಹುಟ್ಟಿಸಿತು! ಕೇಳಿದ ನಂಟು ಆಗಲಿಲ್ಲ. ಕೇಳದ ಕೂಸು ಹುಟ್ಟಿತು.

೨೦೧೨ರ ಅಕ್ಟೋಬರಿನಲ್ಲಿ ಹೊರಬಂದ ೧.೮.೦ ಆವೃತ್ತಿಯಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವನ್ನು ಕೇಳಿ ನನಗೆ ನಗು ಬಂದಿತು. ಆಯ್ಕೆಯ ಹೆಸರಿನ ಕೊನೆಗೆ ‘ಟು’ ಎಂಬ ಇಂಗ್ಲಿಷ್ ಮಾತನ್ನು ಸೇರಿಸಿದರು. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಅದು ಚತುರ್ಥೀ ವಿಭಕ್ತಿ, ‘ಗೆ’ ಎಂಬ ಪ್ರತ್ಯಯ. ‘ಇದಕ್ಕೆ’ ನಂಟು ಕಟ್ಟು ಎಂದ ಮೇಲೆ ಯಾವುದು ಯಾವುದಕ್ಕೆ ಎಂಬ ಗೊಂದಲವಿಲ್ಲ. ವಿಭಕ್ತಿ ಪ್ರತ್ಯಯ ಯಾಕೆ ಸಾರ್ ಕಲಿಯಬೇಕು ಎಂದು ಇದೇ ಹುಡುಗ ಒಮ್ಮೆ ತರಗತಿಯಲ್ಲಿ ಕೇಳಿದ್ದ. ಹನ್ನೆರಡು ವರ್ಷದ ಮೇಲೆ ಉತ್ತರ ಸಿಕ್ಕಿತು.

ಹಳೆಯ ಆಯ್ಕೆಯನ್ನು ಅಂದೇ ಕಿತ್ತುಹಾಕಿದರೆ? ಹಾಗೆ ಮಾಡುವಂತಿರಲಿಲ್ಲ. ಅದನ್ನು ನಂಬಿ ಎಷ್ಟೋ ಕಡೆ ಜನ ತಮ್ಮ ಕೆಲಸವನ್ನು ಕಟ್ಟಿಕೊಂಡಿದ್ದರು. ಐದು ವರ್ಷ ಎಚ್ಚರಿಕೆ ಹೇಳುತ್ತ ಬಂದು, ೨೦೧೭ರ ಅಕ್ಟೋಬರಿನಲ್ಲಿ ೨.೧೫ ಆವೃತ್ತಿಯೊಂದಿಗೆ ನಿಲ್ಲಿಸಿದರು. ಆಗಲೂ ಒಂದು ತೊಡಕು. ಉದ್ದದ ಆಯ್ಕೆಯ ಹೆಸರನ್ನು ಅರ್ಧ ಬರೆದರೂ ಗಿಟ್ ಪೂರ್ತಿಯಾಗಿ ಗ್ರಹಿಸುತ್ತದೆ. ಇದೂ ಒಂದು ಸೌಕರ್ಯ. ಹಳೆಯ ಹೆಸರನ್ನು ಪೂರ್ತಿ ಅಳಿಸಿದರೆ ಅದನ್ನು ಬರೆದವನಿಗೆ, ಕೊನೆಯ ‘ಟು’ ಬಿಟ್ಟ ಹೊಸ ಹೆಸರೆಂದು ತಿಳಿದು, ಬೇರೆಯೇ ಕೆಲಸ ಮಾಡಿಕೊಡುತ್ತಿತ್ತು. ಆದುದರಿಂದ ಹಳೆಯದನ್ನು ‘ಈ ಆಯ್ಕೆ ಈಗಿಲ್ಲ’ ಎಂದು ಹೇಳುವ ಒಂದೇ ಕಾರ್ಯಕ್ಕಾಗಿ ಉಳಿಸಿಕೊಂಡರು. ಮನೆ ಬಿಟ್ಟುಹೋದವರ ಹೆಸರಿನ ಫಲಕವನ್ನು, ‘ಇಲ್ಲಿಲ್ಲ’ ಎಂದು ಬರೆದು, ಬಾಗಿಲಿಗೇ ತೂಗುಹಾಕಿದಂತೆ.

ಅಕ್ಷರಗಳ ಅಭಾವವೂ ಒಂದು ಸಮಸ್ಯೆಯೇ. ಇಂಗ್ಲಿಷಿನಲ್ಲಿ ಇರುವುವು ೨೬ ಅಕ್ಷರ. ದೊಡ್ಡದು ಚಿಕ್ಕದು ಸೇರಿದರೂ ೫೨. ಅಳಿಸಲು ಒಂದು, ಹೆಸರು ಬದಲಿಸಲು ಒಂದು, ನಕಲು ಮಾಡಲು ಒಂದು ಎಂದು ಹಂಚುತ್ತ ಹೋದರೆ ಒಳ್ಳೆಯ ಅಕ್ಷರಗಳು ಮೊದಲು ಬಂದವರ ಪಾಲು. ಬ್ರಾಂಚ್ ಆಜ್ಞೆಯಲ್ಲಿ ‘ಎಲ್’ ಎಂಬ ಅಕ್ಷರ ಬಹುಕಾಲ ಯಾರೂ ಹೆಚ್ಚು ಬಳಸದ ಬೇರೊಂದು ದಾಖಲೆಯ ಕೆಲಸಕ್ಕೆ ಮೀಸಲಾಗಿತ್ತು. ಜನರೋ ‘ಎಲ್’ ಎಂದರೆ ಪಟ್ಟಿ ಕೊಡುತ್ತದೆಂದು ನಂಬಿ ಬರೆಯುವರು. ಬದಲಿಗೆ ಹೊಸ ಕವಲು ಹುಟ್ಟುವುದು. ೨೦೧೮ರಲ್ಲಿ ಕಡೆಗೂ ಆ ಅಕ್ಷರವನ್ನು ಪಟ್ಟಿಗೆ ಬಿಟ್ಟುಕೊಟ್ಟರು.

*

ಇಷ್ಟನ್ನು ಓದಿದ ವಾಚಕರು, ‘ಮೊದಲೇ ಯೋಚಿಸಿ ಸೇರಿಸಬಾರದಿತ್ತೆ?’ ಎಂದು ಕೇಳಬಹುದು. ಯೋಚಿಸದೆ ಏನನ್ನೂ ಸೇರಿಸುವುದಿಲ್ಲ. ಗಿಟ್‌ಗೆ ಒಂದು ಆಯ್ಕೆಯನ್ನು ಸೇರಿಸಬೇಕೆನ್ನುವವನು ತನ್ನ ತಿದ್ದುಪಡಿಯನ್ನು ಎಲ್ಲರ ಮುಂದೆ ಇಡಬೇಕು. ಅದರೊಡನೆ ಬಳಕೆಯ ವಿವರಣೆಯನ್ನೂ ಪರೀಕ್ಷೆಗಳನ್ನೂ ಬರೆದುಕೊಡಬೇಕು. ಬಲ್ಲವರು ಅಕ್ಷರ ಅಕ್ಷರವನ್ನೂ ಆಕ್ಷೇಪಿಸುತ್ತಾರೆ. ಮತ್ತೆ ಬರೆದು ತರಬೇಕು. ಒಪ್ಪಿತವಾಗುವ ಹಾಗೆ ಕಂಡರೆ ಅದು ಮೊದಲು ‘ಸೀನ್’ ಎಂಬ ಕವಲನ್ನು ಸೇರುತ್ತದೆ. ಪಾಲಕರ ಕಣ್ಣಿಗೆ ಬಿದ್ದಿದೆ ಎಂದಷ್ಟೇ ಅರ್ಥ. ಅಲ್ಲಿಂದ ‘ನೆಕ್ಸ್ಟ್’ ಎಂಬ ಕವಲಿಗೆ, ಅಲ್ಲಿ ಪಳಗಿದ ಮೇಲೆ ‘ಮಾಸ್ಟರ್’ಗೆ ಬಡ್ತಿ. ಕವಲುಗಳ ಆಜ್ಞೆಗೆ ಸೇರುವ ಸೌಕರ್ಯವೂ ಕವಲುಗಳನ್ನು ಹಾದೇ ಬರಬೇಕು! ಹರಿದಾಸರ ಮನೆಗೆ ಹಾಡು ಹೇಳುತ್ತಲೇ ಹೋಗಬೇಕಾದಂತೆ.

ಇಷ್ಟೆಲ್ಲ ಎಚ್ಚರ ಯಾಕೆ? ತನಗೆ ಬೇಕಾದ ಸೌಕರ್ಯವನ್ನು ಒಬ್ಬನು ತನ್ನ ಮಟ್ಟಿಗೆ ಮಾಡಿಕೊಳ್ಳಬಹುದಲ್ಲ? ಮಾಡಿಕೊಳ್ಳಬಹುದು. ‘ಏಲಿಯಾಸ್’ ಎಂಬ ಅಡ್ಡಹೆಸರಿನ ವ್ಯವಸ್ಥೆ ಅದಕ್ಕೇ ಇದೆ. ಚೆಕ್‌ಔಟ್ ಎನ್ನುವುದನ್ನು ಎರಡಕ್ಷರಕ್ಕೆ ಇಳಿಸಿಕೊಂಡವರು ಅನೇಕರು. ಅದು ಮನೆಯಲ್ಲಿ ಕರೆಯುವ ಹೆಸರು. ಮನೆಯ ಹೊರಗೆ ನಡೆಯದು, ತಪ್ಪಾದರೆ ಮನೆಯವರಿಗಷ್ಟೇ ತೊಂದರೆ. ಸಾಧನದೊಳಕ್ಕೆ ಸೇರಿಸಿದ ಆಯ್ಕೆಯ ವಿಷಯ ಬೇರೆ. ಇದನ್ನು ನನ್ನ ಶಿಷ್ಯನ ತಂದೆ ಬಹು ಚೆನ್ನಾಗಿ ವಿವರಿಸಿದರಂತೆ. ಮಗನ ಸಂಕಟವನ್ನು ಕೇಳಿ ಅವರು ಹೇಳಿದ್ದು ಹೀಗೆ: “ನಾವು ಒಂದೊಂದು ತುಂಡಿಗೂ ಅಳತೆ ಹಿಡಿದು, ಗುರುತು ಹಾಕಿ ತೂತು ಕೊರೀತಿದ್ವಿ. ಆಮೇಲೆ ಜಿಗ್ ಬಂತು. ತುಂಡನ್ನ ಅದರಲ್ಲಿ ಕೂರಿಸಿದರೆ ಸಾಕು, ಅಳತೆಯ 
ಕೆಲಸವೇ ಇಲ್ಲ. ಆದರೆ ಕೈಯಲ್ಲಿ ಗುರುತು ಹಾಕೋನು ತಪ್ಪಿದರೆ ಒಂದು ತುಂಡು ಹಾಳು. ಜಿಗ್ ಮಾಡೋನು ತಪ್ಪಿದರೆ ಇಡೀ ಲಾಟು ಹಾಳು.”

ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ಕಲಿತ ಈ ಮಾತಿಗೆ ನಾನು ಸೇರಿಸಬೇಕಾದುದು ಏನೂ ಇಲ್ಲ. ಒಂದು ಹೆಜ್ಜೆ ಉಳಿಸುವವನು ಆ ಹೆಜ್ಜೆಯಲ್ಲಿದ್ದ ಎಚ್ಚರವನ್ನೂ ಎಲ್ಲರ ಪರವಾಗಿ ತಾನೇ ಹೊತ್ತುಕೊಳ್ಳಬೇಕಾಗುತ್ತದೆ.

*

ಚೆಕ್‌ಔಟ್ ಎಂಬ ಇಬ್ಬಗೆಯ ಆಜ್ಞೆಯ ಅಪಾಯವನ್ನು ಗಿಟ್‌ನವರು ಅರಿಯದೆ ಇರಲಿಲ್ಲ. ೨೦೧೯ರ ಆಗಸ್ಟಿನಲ್ಲಿ, ೨.೨೩ನೆಯ ಆವೃತ್ತಿಯಲ್ಲಿ, ಅದರ ಎರಡು ಅರ್ಥಗಳನ್ನು ಸೀಳಿ ಎರಡು ಹೊಸ ಆಜ್ಞೆಗಳನ್ನು ತಂದರು. ಕವಲಿನಿಂದ ಕವಲಿಗೆ ಹೋಗಲು ‘ಸ್ವಿಚ್’. ಕಡತಗಳನ್ನು ಹಳೆಯ ಸ್ಥಿತಿಗೆ ತರಲು ‘ರಿಸ್ಟೋರ್’. ಕವಲನ್ನು ಹುಟ್ಟಿಸಿ ಅದರ ಮೇಲೆ ನಿಲ್ಲುವ ಹಳೆಯ ಸೌಕರ್ಯ ಸ್ವಿಚ್‌ನಲ್ಲಿಯೂ ಉಂಟು. ಅಕ್ಷರ ಮಾತ್ರ ‘ಬಿ’ ಹೋಗಿ ‘ಸಿ’ ಆಗಿದೆ, ಸೃಷ್ಟಿಸು ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರ. ಮುಖ್ಯವಾದುದೆಂದರೆ, ಅಲ್ಲಿ ಆ ಅಕ್ಷರವನ್ನು ಮರೆತರೆ ‘ಅಂಥ ಕವಲಿಲ್ಲ’ ಎಂದು ಗಿಟ್ ಸುಮ್ಮನೆ ನಿಂತುಬಿಡುತ್ತದೆ. ಫೋಲ್ಡರಿನ ತಂಟೆಗೆ ಹೋಗುವುದಿಲ್ಲ. ನನ್ನ ಶಿಷ್ಯನು ಅಂದು ಸ್ವಿಚ್ ಬಳಸಿದ್ದರೆ ಒಂದು ಗದರಿಕೆಯಲ್ಲಿ ಮುಗಿಯುತ್ತಿತ್ತು.

ಆದರೂ ಚೆಕ್‌ಔಟನ್ನು ತೆಗೆದುಹಾಕಿಲ್ಲ, ತೆಗೆಯುವಂತೆಯೂ ಇಲ್ಲ. ಲೋಕದ ಬೆರಳುಗಳೆಲ್ಲ ಅದನ್ನು ಕಲಿತಿವೆ. ಹೊಸ ಎರಡಕ್ಕೆ ‘ಪ್ರಾಯೋಗಿಕ’ ಎಂಬ ಚೀಟಿ ಅಂಟಿಸಿ ಬಿಟ್ಟಿದ್ದರು. ಆ ಚೀಟಿಯನ್ನು ಕಿತ್ತುದು ಆರು ವರ್ಷದ ಮೇಲೆ, ೨೦೨೫ರ ಆಗಸ್ಟಿನ ೨.೫೧ನೆಯ ಆವೃತ್ತಿಯಲ್ಲಿ. ಕೊಟ್ಟ ಸೌಕರ್ಯವನ್ನು ಹಿಂತೆಗೆಯುವುದು ಅಷ್ಟು ಕಷ್ಟ.

ನಮ್ಮ ಬರವಣಿಗೆಯಲ್ಲಿಯೂ ಹೀಗಾಗಿದೆ. ‘ಅಂಗ’ ಎಂಬುದನ್ನು ಉಚ್ಚಾರಕ್ಕೆ ಸರಿಯಾಗಿ ಬರೆಯುವುದಾದರೆ ‘ಙ’ಕಾರ ಬೇಕು, ‘ಪಂಚ’ ಎಂಬಲ್ಲಿ ‘ಞ’ಕಾರ ಬೇಕು. ಯಾವನೋ ಲಿಪಿಕಾರ, ಯಾವ ಕಾಲದಲ್ಲಿಯೋ, ಇವೆಲ್ಲಕ್ಕೂ ಒಂದು ಸೊನ್ನೆ ಸಾಕೆಂದು ಕಂಡುಕೊಂಡ. ಗರಿಯ ಮೇಲೆ ಕಂಠದಿಂದ ಕೊರೆಯುವವನಿಗೆ ಅದು ಎಂಥ ಉಪಕಾರ! ಅದು ಎಲ್ಲರ ಕೈಗೂ ಅಂಟಿತು. ಇಂದು ಙ, ಞ ಎರಡೂ ವರ್ಣಮಾಲೆಯನ್ನು ಒಪ್ಪಿಸುವ ಮಕ್ಕಳ ಬಾಯಲ್ಲಿ ಮಾತ್ರ ಹೆಚ್ಚಾಗಿ ಬದುಕಿವೆ. ಆ ಸೊನ್ನೆಯನ್ನು ಇನ್ನು ಯಾವ ಪಂಡಿತನೂ ಹಿಂತೆಗೆಯಲಾರ, ತೆಗೆಯಬೇಕಾಗಿಯೂ ಇಲ್ಲ. ಅದು ಒಳ್ಳೆಯ ಜಿಗ್. ಮುಂದಿನ ಅಕ್ಷರವನ್ನು ನೋಡಿದರೆ ಯಾವ ಅನುನಾಸಿಕವೆಂದು ತಾನಾಗಿ ತಿಳಿಯುತ್ತದೆ, ಓದುವವನು ಎಡವುವುದಿಲ್ಲ. ಉಳಿಸಿದ ಹೆಜ್ಜೆಯ ಅರ್ಥ ಬೇರೆಲ್ಲಿಯಾದರೂ ಭದ್ರವಾಗಿದ್ದರೆ ಸೌಕರ್ಯದಿಂದ ಕೇಡಿಲ್ಲ. ಚೆಕ್‌ಔಟ್‌ನಲ್ಲಿ ಆ ಭದ್ರತೆ ಇರಲಿಲ್ಲ: ಒಂದಕ್ಷರ ಬಿದ್ದುಹೋದರೆ ಉಳಿದ ಸಾಲು ತಪ್ಪಾಗುವ ಬದಲು ಬೇರೊಂದು ಸರಿಯಾದ ಆಜ್ಞೆಯಾಗುತ್ತಿತ್ತು. ಗ್ರಂಥಸಂಪಾದಕರನ್ನು ಕೇಳಿ ನೋಡಿ. ಅರ್ಥವಿಲ್ಲದ ತಪ್ಪಿಗೆ ಅವರು ಹೆದರುವುದಿಲ್ಲ, ಅದು ಕಣ್ಣಿಗೆ ಬೀಳುತ್ತದೆ. ಅರ್ಥವಿರುವ ತಪ್ಪಿಗೇ ಹೆದರುವುದು.

“ಈಗ ಯಾವುದನ್ನು ಬಳಸುತ್ತೀಯಪ್ಪ?” ಎಂದು ಹೊರಡುವಾಗ ಕೇಳಿದೆ.

“ಸ್ವಿಚ್ ರೂಢಿ ಮಾಡ್ಕೋತಿದ್ದೀನಿ, ಸಾರ್. ಬೆರಳು ಕೇಳೋದಿಲ್ಲ, ಹಳೇದನ್ನೇ ಹೊಡೆಯುತ್ತೆ. ಆದರೆ ಈ ವರ್ಷ ನಮ್ಮ ತಂಡಕ್ಕೆ ಮೂರು ಜನ ಹೊಸಬರು ಬಂದಿದ್ದಾರೆ. ಅವರಿಗೆ ಮೊದಲನೇ ದಿನದಿಂದಲೇ ಸ್ವಿಚ್ ಹೇಳಿಕೊಟ್ಟಿದ್ದೀನಿ. ಚೆಕ್‌ಔಟ್ ಅನ್ನೋದು ಒಂದಿದೆ ಅಂತಲೇ ಹೇಳಿಲ್ಲ.”

“ಯಾವತ್ತೋ ಒಂದು ದಿನ ಗೊತ್ತಾಗುತ್ತಲ್ಲ?”

“ಗೊತ್ತಾಗಲಿ ಸಾರ್. ಅಷ್ಟು ಹೊತ್ತಿಗೆ ಅವರ ಬೆರಳು ಬೇರೆ ಕಲಿತಿರುತ್ತೆ.”

ನಗುತ್ತ ನಮಸ್ಕಾರ ಹೇಳಿ ಬಸ್ಸಿಗೆ ಹೊರಟ. ಬಂದಾಗ ಇದ್ದ ಸಪ್ಪೆ ಮುಖ ಆಗ ಇರಲಿಲ್ಲ.